ಪಿಂಕ್ ಫ್ಲಾಯ್ಡ್ ಕೇಳೋಕೆ ಎಲ್ಲಿಂದ ಶುರು ಮಾಡ್ಬೇಕು, ಯಾವ ಆಲ್ಬಂ ಆದ್ಮೇಲೆ ಯಾವ್ದು, ಕಿವಿ ಎಲ್ಲಿ ಇಡ್ಬೇಕು

ಪಿಂಕ್ ಫ್ಲಾಯ್ಡ್ ಅನ್ನೋ ಇಂಗ್ಲೆಂಡಿನ ರಾಕ್ ಬ್ಯಾಂಡ್ ಕೇಳ್ಬೇಕು ಅಂದ್ಕೊಂಡೋರು ಸಾಮಾನ್ಯವಾಗಿ ಏನ್ ಮಾಡ್ತಾರೆ ಅಂದ್ರೆ, ಮೊಬೈಲಲ್ಲಿ ಬ್ಯಾಂಡ್ ಹೆಸರು ಹುಡುಕ್ತಾರೆ, ಮೇಲ್ಗಡೆ ಬರೋ ಐದಾರು ಫೇಮಸ್ ಹಾಡು ಪ್ಲೇ ಮಾಡ್ತಾರೆ, ಅದ್ರಲ್ಲಿ ಸ್ಕೂಲ್ ಮಕ್ಳು ಕೋರಸ್ ಹಾಡೋದು ಮೊದಲೇ ಗೊತ್ತಿರುತ್ತೆ, ಕಂಫರ್ಟಬ್ಲಿ ನಂಬ್ ಗಿಟಾರ್ ಸೋಲೋ ಸೂಪರ್ ಅನ್ಸುತ್ತೆ, ಮಿಕ್ಕಿದ್ದು ಬರೀ ಎಳೆದಾಟ ಅನ್ಸುತ್ತೆ, ಅಲ್ಲಿಗೆ ಕಥೆ ಮುಗೀತು. ಆಮೇಲೆ ಯಾರಾದ್ರೂ ಕೇಳಿದ್ರೆ "ಕೇಳಿದೀನಿ, ಓಕೆ, ಆದ್ರೆ ನಂಗೆ ಸೆಟ್ ಆಗಲ್ಲ" ಅಂತಾರೆ. ನಂಗೆ ಇದು ಕೇಳಿದಾಗೆಲ್ಲ ಬೇಜಾರಾಗುತ್ತೆ, ಯಾಕಂದ್ರೆ ಅವ್ರು ಆ ಬ್ಯಾಂಡ್ ಕೇಳೇ ಇಲ್ಲ. ಅದಕ್ಕೇ ಇದನ್ನ ಬರೀತಿರೋದು. ಇದು ಪೂರ್ತಿ ನನ್ನ ಅಭಿಪ್ರಾಯ, ಬೇರೆ ಫ್ಯಾನ್ಸ್ ಜಗಳಕ್ಕೆ ಬರ್ತಾರೆ ಅಂತ ಗೊತ್ತು, ಬರ್ಲಿ. ಆದ್ರೆ ಹೊಸಬ್ರಿಗೆ ನಾನು ಹೇಳೋದು ಇದೇ ಆರ್ಡರ್.

ಆರ್ಡರ್‌ಗಿಂತ ಮುಂಚೆ ಎರಡು ವಿಷ್ಯ. ಒಂದು, ಈ ಬ್ಯಾಂಡ್‌ನ ಹಾಡು ಹಾಡಾಗಿ ಕೇಳ್ಬೇಡಿ, ಎಲ್‌ಪಿ ರೆಕಾರ್ಡ್‌ನ ಒಂದೊಂದು ಸೈಡ್ ಲೆಕ್ಕದಲ್ಲಿ ಕೇಳಿ. 70ರ ದಶಕದಲ್ಲಿ ಇವ್ರು ಮಾಡಿದ್ದೆಲ್ಲ ಒಂದು ಸೈಡ್‌ಗೆ 20-22 ನಿಮಿಷ ಅನ್ನೋ ಅಳತೆ ಇಟ್ಕೊಂಡೇ. ಒಂದು ಹಾಡಿನ ಬಾಲ ಇನ್ನೊಂದರ ತಲೆಗೆ ಅಂಟ್ಕೊಂಡಿರುತ್ತೆ, ಮಧ್ಯದಿಂದ ಒಂದನ್ನ ಕಿತ್ತು ತೆಗೆದ್ರೆ ಅದಕ್ಕೆ ಉಸಿರೇ ಇರಲ್ಲ. ಎರಡು, ಎಲ್ರೂ ಡೇವಿಡ್ ಗಿಲ್ಮೋರ್ ಗಿಟಾರ್ ಬಗ್ಗೆ ಮಾತಾಡ್ತಾರೆ, ರೋಜರ್ ವಾಟರ್ಸ್ ಸಾಹಿತ್ಯದ ಬಗ್ಗೆ ಮಾತಾಡ್ತಾರೆ, ಇಬ್ರೂ ದೊಡ್ಡವ್ರೇ ಒಪ್ಕೋತೀನಿ, ಆದ್ರೆ ನೀವು ಕಿವಿ ಇಡ್ಬೇಕಾಗಿರೋದು ಕೀಬೋರ್ಡ್ ನುಡಿಸೋ ರಿಕ್ ರೈಟ್ ಮೇಲೆ. ಈ ಬ್ಯಾಂಡ್‌ಗೆ ಆ ದೊಡ್ಡ ಬಯಲಿನಂಥ ಸೌಂಡ್ ಬಂದಿದ್ದೇ ಅವ್ರಿಂದ. ಅವ್ರ ಕೈ ಜಾಸ್ತಿ ಇರೋ ಆಲ್ಬಂಗಳಲ್ಲಿ ಮ್ಯೂಸಿಕ್ ಉಸಿರಾಡುತ್ತೆ, ಅವ್ರನ್ನ ಮೂಲೆಗೆ ತಳ್ಳಿದ ಆಲ್ಬಂಗಳಲ್ಲಿ ಉಸಿರು ಕಟ್ಟುತ್ತೆ. ಇದೊಂದು ತಲೇಲಿ ಇಟ್ಕೊಂಡು ಕೇಳಿದ್ರೆ ಇಡೀ ಬ್ಯಾಂಡ್‌ನ ಕಥೆ ನಿಮ್ಗೇ ಅರ್ಥ ಆಗ್ತಾ ಹೋಗುತ್ತೆ.

ಈಗ ಸೆಟ್ಟಿಂಗ್ಸ್. ಇದನ್ನ ಸ್ಕಿಪ್ ಮಾಡ್ಬೇಡಿ. ನೀವು ಯಾವ ಆ್ಯಪಲ್ಲಿ ಕೇಳ್ತೀರೋ ಅದ್ರಲ್ಲಿ ಶಫಲ್ ಆಫ್ ಮಾಡಿ. ಕ್ರಾಸ್‌ಫೇಡ್ ಅಂತ ಒಂದಿರುತ್ತೆ, ಒಂದು ಹಾಡು ಮುಗಿಯೋಕೆ ಮುಂಚೆನೇ ಇನ್ನೊಂದನ್ನ ಮೇಲೆ ತಂದು ಕೂರಿಸೋದು, ಅದನ್ನ ಸೊನ್ನೆಗೆ ಇಳಿಸಿ. ಗ್ಯಾಪ್‌ಲೆಸ್ ಪ್ಲೇಬ್ಯಾಕ್ ಆನ್ ಇರ್ಬೇಕು, ಇಲ್ಲಾಂದ್ರೆ ಡಾರ್ಕ್ ಸೈಡ್ ಆಫ್ ದಿ ಮೂನ್ ಆಲ್ಬಂನಲ್ಲಿ ಹಾಡು ಹಾಡಿನ ಮಧ್ಯ ಟಕ್ ಅಂತ ಕಟ್ ಆಗುತ್ತೆ, ಅಷ್ಟು ಸಾಕು ಮಜಾ ಹಾಳಾಗೋಕೆ. ವಾಲ್ಯೂಮ್ ನಾರ್ಮಲೈಸ್ ಮಾಡೋ ಆಪ್ಷನ್ ಇದ್ರೆ ಅದೂ ಆಫ್, ಯಾಕಂದ್ರೆ ಇವ್ರ ಮ್ಯೂಸಿಕ್ಕಲ್ಲಿ ಮೆಲ್ಲಗಿರೋದು ಮೆಲ್ಲಗೇ ಇರ್ಬೇಕು, ಜೋರಾಗೋದು ಜೋರಾಗೇ ಆಗ್ಬೇಕು. ಫೋನ್ ಸ್ಪೀಕರಲ್ಲಿ ದಯವಿಟ್ಟು ಬೇಡ. ದುಬಾರಿ ಹೆಡ್‌ಫೋನ್ ಬೇಕು ಅಂತ ಹೇಳ್ತಿಲ್ಲ, ಎರಡು ಕಿವಿಗೂ ಸರಿಯಾಗಿ ಕೂರೋ, ಲೆಫ್ಟ್ ರೈಟ್ ಬೇರೆ ಬೇರೆ ಕೇಳ್ಸೋ ಸಾಧಾರಣ ಹೆಡ್‌ಫೋನ್ ಸಾಕು. ಟ್ರಾಫಿಕ್ಕಲ್ಲಿ ಬಸ್ಸಲ್ಲಿ ಮೊದಲನೇ ಸಲ ಕೇಳ್ಬೇಡಿ. ರಾತ್ರಿ ಊಟ ಆದ್ಮೇಲೆ, ಮನೆ ಸುಮ್ಮನಾದ್ಮೇಲೆ, ಲೈಟ್ ಆರಿಸಿ, ಮೊಬೈಲ್ ಉಲ್ಟಾ ಇಟ್ಟು. ಇನ್ನೊಂದು, 2001ರಲ್ಲಿ ಬಂದ ಎಕೋಸ್ ಅನ್ನೋ ಎರಡು ಸಿಡಿಯ ಬೆಸ್ಟ್ ಆಫ್ ಕಲೆಕ್ಷನ್ ಇದೆ, ಅದ್ರಲ್ಲಿ ಬೇರೆ ಬೇರೆ ವರ್ಷದ ಹಾಡುಗಳನ್ನ ಕಲಸಿ ಒಂದಕ್ಕೊಂದು ಅಂಟ್ಸಿದಾರೆ, ಹಳೇ ಫ್ಯಾನ್‌ಗೆ ಓಕೆ, ಹೊಸಬ್ರು ಅದ್ರ ಹತ್ರ ಹೋಗ್ಬೇಡಿ.

ಮೊದಲನೇ ಆಲ್ಬಂ: ವಿಶ್ ಯು ವರ್ ಹಿಯರ್, 1975. ಎಲ್ರೂ ಡಾರ್ಕ್ ಸೈಡಿಂದ ಶುರು ಮಾಡಿ ಅಂತಾರೆ, ನಾನು ಒಪ್ಪಲ್ಲ. ಡಾರ್ಕ್ ಸೈಡ್ ಬಗ್ಗೆ ಜಗತ್ತು ಎಷ್ಟು ಹೇಳಿದೆ ಅಂದ್ರೆ ಮೊದಲ ಸಲ ಕೇಳೋವಾಗ ಮ್ಯೂಸಿಕ್ ಕೇಳ್ಸಲ್ಲ, ಅದ್ರ ಹೆಸರೇ ಕೇಳ್ಸುತ್ತೆ. ವಿಶ್ ಯು ವರ್ ಹಿಯರ್‌ನಲ್ಲಿ ಐದೇ ಟ್ರ್ಯಾಕ್, ಸುಮಾರು 44 ನಿಮಿಷ. ಶುರುವಾಗೋದೇ ಶೈನ್ ಆನ್ ಯು ಕ್ರೇಜಿ ಡೈಮಂಡ್, ಒಟ್ಟು ಒಂಬತ್ತು ಭಾಗ, ಐದು ಭಾಗ ಆಲ್ಬಂನ ಮುಂದೆ, ನಾಲ್ಕು ಕೊನೇಲಿ. ಮೊದಲು ರೈಟ್ ಅವ್ರ ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್) ಒಂದೇ ಸ್ವರದ ಸುತ್ತ ನಿಂತಿರುತ್ತೆ, ಅದ್ರ ಮೇಲೆ ಗಿಟಾರ್ ನಿಧಾನಕ್ಕೆ ಬರುತ್ತೆ, ಹೆಚ್ಚು ಕಮ್ಮಿ ನಾಲ್ಕನೇ ನಿಮಿಷಕ್ಕೆ ಗಿಲ್ಮೋರ್ ನಾಲ್ಕು ಸ್ವರ ಮೀಟ್ತಾರೆ, ಆ ನಾಲ್ಕು ಸ್ವರದಿಂದಲೇ ಇಡೀ ಹಾಡು ಹುಟ್ಟಿದ್ದು. ಬಾಯಿಬಿಟ್ಟು ಹಾಡೋಕೆ ಶುರು ಮಾಡೋದು ಎಂಟು ನಿಮಿಷ ದಾಟಿದ ಮೇಲೆ! ರಾಕ್ ಅಭ್ಯಾಸ ಇರೋರಿಗೆ ಇದು ಕಷ್ಟ ಆಗ್ಬಹುದು, ಆದ್ರೆ ನಮ್ಮ ಕಡೆ ಹಿಂದೂಸ್ತಾನಿ ಕಛೇರಿ ಕೇಳಿದೋರಿಗೆ ಕಷ್ಟನೇ ಇಲ್ಲ, ಆಲಾಪ ಇದ್ದ ಹಾಗೆ, ತಬಲಾ ಬರೋಕೆ ಮುಂಚೆ ರಾಗ ಬಿಚ್ಚೋದನ್ನ ಕಾಯೋ ತಾಳ್ಮೆ ನಮ್ಗೆ ಮೊದಲಿಂದ ಇದೆ. ಅದಕ್ಕೇ ನಮ್ಮೋರಿಗೆ ಈ ಆಲ್ಬಂ ಬಾಗಿಲು ಅಂತ ನಾನು ಹೇಳೋದು.

ಇದು ಯಾರ ಬಗ್ಗೆ ಅಂತ ಗೊತ್ತಿದ್ರೆ ಇನ್ನೂ ಒಳಗೆ ಇಳಿಯುತ್ತೆ. ಬ್ಯಾಂಡ್ ಲಂಡನ್‌ನಲ್ಲಿ 1965ರಲ್ಲಿ ಶುರುವಾದಾಗ ಲೀಡರ್ ಸಿಡ್ ಬ್ಯಾರೆಟ್, ಬ್ಯಾಂಡ್‌ಗೆ ಹೆಸರಿಟ್ಟಿದ್ದೂ ಅವ್ರೇ, ಪಿಂಕ್ ಆ್ಯಂಡರ್ಸನ್, ಫ್ಲಾಯ್ಡ್ ಕೌನ್ಸಿಲ್ ಅನ್ನೋ ಇಬ್ರು ಅಮೆರಿಕನ್ ಬ್ಲೂಸ್ ಕಲಾವಿದರ ಹೆಸರು ಜೋಡ್ಸಿ. ಬ್ಯಾಂಡ್‌ನ ಮೊಟ್ಟಮೊದಲನೇ ಆಲ್ಬಂನ ಹೆಚ್ಚು ಕಮ್ಮಿ ಪೂರ್ತಿ ಹಾಡು ಬರೆದ ಹುಡುಗ. ಎಲ್‌ಎಸ್‌ಡಿ ಅನ್ನೋ ಡ್ರಗ್, ಮಾನಸಿಕ ಸ್ಥಿತಿ ಹದಗೆಟ್ಟಿದ್ದು ಎಲ್ಲ ಸೇರಿ 1968ರ ಹೊತ್ತಿಗೆ ಬ್ಯಾಂಡಿಂದ ಹೊರಗೆ. ಏಳು ವರ್ಷ ಆದ್ಮೇಲೆ, 1975ರ ಜೂನಲ್ಲಿ, ಇವ್ರು ಅಬ್ಬೆ ರೋಡ್ ಸ್ಟುಡಿಯೋದಲ್ಲಿ ಅವ್ರ ನೆನಪಲ್ಲೇ ಮಾಡಿದ ಈ ಆಲ್ಬಂ ಕೆಲಸದಲ್ಲಿರುವಾಗ ಒಬ್ಬ ದಪ್ಪಗಿನ, ತಲೆ ಬೋಳಿಸಿ ಹುಬ್ಬೂ ತೆಗೆದಿರೋ ವ್ಯಕ್ತಿ ಒಳಗೆ ಬಂದ, ತುಂಬಾ ಹೊತ್ತು ಯಾರಿಗೂ ಗುರುತೇ ಸಿಗಲಿಲ್ಲ, ಸಿಡ್. ಗುರುತು ಸಿಕ್ಕಾಗ ವಾಟರ್ಸ್ ಅತ್ತುಬಿಟ್ರಂತೆ. ಇದನ್ನ ತಿಳ್ಕೊಂಡು ಕೊನೇ ಭಾಗ ಕೇಳಿ, ಒಂಬತ್ತನೇ ಭಾಗ ರೈಟ್ ಒಬ್ರೇ ಕಂಪೋಸ್ ಮಾಡಿದ್ದು, ಇಡೀ ಬ್ಯಾಂಡ್ ಸಿಡ್‌ಗೆ ಹೇಳ್ಬೇಕಾದ ವಿದಾಯವನ್ನ ಕೀಬೋರ್ಡಲ್ಲೇ ಹೇಳಿ ಮುಗಿಸ್ತಾರೆ. ಪೂರ್ತಿ ಫೇಡ್ ಆಗೋ ಹೊತ್ತಿಗೆ ಕಿವಿ ಚೂಪು ಮಾಡಿ, ಅವ್ರು ಮೆಲ್ಲಗೆ ಸೀ ಎಮಿಲಿ ಪ್ಲೇ ಟ್ಯೂನ್ ನುಡಿಸ್ತಾರೆ, ಅದು 1967ರಲ್ಲಿ ಸಿಡ್ ಬರೆದ ಹಿಟ್ ಹಾಡು. ಯಾರೂ ಹೇಳದೇ ಇದ್ರೆ ಗೊತ್ತೇ ಆಗಲ್ಲ. ಗೊತ್ತಾದ್ಮೇಲೆ ಕೇಳಿದ್ರೆ ಗಂಟಲು ಕಟ್ಟುತ್ತೆ.

ಮಧ್ಯದ ಮೂರು ಹಾಡೂ ಒಳ್ಳೇವೇ, ವೆಲ್‌ಕಮ್ ಟು ದಿ ಮಷೀನ್ ಹೆಡ್‌ಫೋನಲ್ಲಿ ಭಯ ಹುಟ್ಟಿಸುತ್ತೆ, ಹ್ಯಾವ್ ಎ ಸಿಗಾರ್ ಹಾಡಿರೋದು ಬ್ಯಾಂಡ್‌ನೋರಲ್ಲ, ಪಕ್ಕದ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡ್ತಿದ್ದ ರಾಯ್ ಹಾರ್ಪರ್. ಟೈಟಲ್ ಹಾಡು ಗಿಟಾರ್ ಕಲಿಯೋ ಎಲ್ರೂ ನುಡಿಸ್ತಾರೆ, ಅದನ್ನ ಎಷ್ಟು ಕಡೆ ಕೇಳಿರ್ತೀರಿ ಅಂದ್ರೆ ಲೆಕ್ಕ ಇಲ್ಲ, ಆದ್ರೂ ಆಲ್ಬಂ ಒಳಗೆ, ಹ್ಯಾವ್ ಎ ಸಿಗಾರ್ ಮುಗಿತಾ ಮುಗಿತಾ ಸೌಂಡ್ ಹಳೇ ರೇಡಿಯೋ ಒಳಗೆ ಸೇರ್ಕೊಂಡು, ಸ್ಟೇಷನ್ ತಿರುಗಿಸಿ, ಆ ರೇಡಿಯೋ ಜೊತೆ ರೂಮಲ್ಲಿ ಕೂತಿರೋ ಯಾರೋ ಗಿಟಾರ್ ಸೇರಿಸ್ದಂಗೆ ಶುರುವಾಗುತ್ತಲ್ಲ, ಅದನ್ನ ಅಲ್ಲೇ ಕೇಳ್ಬೇಕು. ಒಂದು ವಾರ ಇದೊಂದೇ ಆಲ್ಬಂ ಕೇಳಿ. ಬೇರೇದಕ್ಕೆ ಕೈ ಹಾಕ್ಬೇಡಿ.

ಎರಡನೇದು ಡಾರ್ಕ್ ಸೈಡ್ ಆಫ್ ದಿ ಮೂನ್, 1973. ಈಗ ನಿಮ್ಮ ಕಿವಿ ರೆಡಿ ಇದೆ. ಎರಡು ಸೈಡ್, ಮಧ್ಯದಲ್ಲಿ ಎದ್ದು ನೀರು ಕುಡೀರಿ, ಅಷ್ಟೇ ಬ್ರೇಕ್. ಸೈಡ್ ಒಂದು ಎದೆಬಡಿತದಿಂದ ಶುರು, ದಿ ಗ್ರೇಟ್ ಗಿಗ್ ಇನ್ ದಿ ಸ್ಕೈಗೆ ಮುಗಿಯುತ್ತೆ. ಸೈಡ್ ಎರಡು ಮನಿಯ ಕ್ಯಾಶ್ ರಿಜಿಸ್ಟರ್ ಸದ್ದಿಂದ ಶುರು, ಮತ್ತೆ ಎದೆಬಡಿತಕ್ಕೆ. ಆ ಕ್ಯಾಶ್ ರಿಜಿಸ್ಟರ್, ಚಿಲ್ಲರೆ ಸದ್ದು ಎಲ್ಲ ಟೇಪ್ ಕತ್ತರಿಸಿ, ಅಳೆದು, ಅಂಟಿಸಿ ಲೂಪ್ ಮಾಡಿದ್ದು, ಕಂಪ್ಯೂಟರ್ ಇಲ್ಲದ ಕಾಲ. ಮನಿ ಏಳು ಎಣಿಕೆಯ ಹಾಡು, ಮಿಶ್ರಛಾಪು ಗೊತ್ತಿರೋರು ತೊಡೆ ಮೇಲೆ ತಾಳ ಹಾಕಿ ನೋಡಿ, ಕೂರುತ್ತೆ, ಗಿಟಾರ್ ಸೋಲೋ ಬಂದ ತಕ್ಷಣ ನಾಲ್ಕಕ್ಕೆ ಬದಲಾಗುತ್ತೆ, ಆ ಬದಲಾವಣೆ ಗೊತ್ತಾದಾಗ ಮೈ ಜುಮ್ ಅನ್ನುತ್ತೆ. ಟೈಮ್ ಹಾಡಿನ ಶುರುವಲ್ಲಿ ಒಟ್ಟಿಗೆ ಹೊಡ್ಕೊಳೋ ಗಡಿಯಾರಗಳನ್ನ ಸೌಂಡ್ ಇಂಜಿನಿಯರ್ ಅಲನ್ ಪಾರ್ಸನ್ಸ್ ಹಳೇ ಗಡಿಯಾರದ ಅಂಗಡೀಲಿ ಒಂದೊಂದಾಗಿ ರೆಕಾರ್ಡ್ ಮಾಡಿದ್ರು, ಅಲಾರಾಂ ಅಂತ ಗೊತ್ತಿದ್ರೂ ಮೊದಲ ಸಲ ಬೆಚ್ಚಿ ಬೀಳ್ತೀರಿ, ವಾಲ್ಯೂಮ್ ಸ್ವಲ್ಪ ನೋಡ್ಕೊಳ್ಳಿ.

ರೈಟ್ ಇಲ್ಲಿ ಎಲ್ಲೆಲ್ಲಿದಾರೆ ಅಂತ ಹುಡುಕಿ. ಬ್ರೀದ್ ಹಾಡಲ್ಲಿ ಒಂದು ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಬರುತ್ತೆ, ಅದು ಮೈಲ್ಸ್ ಡೇವಿಸ್ ಅವ್ರ ಕೈಂಡ್ ಆಫ್ ಬ್ಲೂ ಕೇಳಿ ತಲೇಲಿ ಉಳಿದಿದ್ದು ಅಂತ ಅವ್ರೇ ಹೇಳಿದಾರೆ, ಜಾಝ್ ಪ್ರೀತಿಸ್ತಿದ್ದ ಮನುಷ್ಯ. ಅಸ್ ಆ್ಯಂಡ್ ದೆಮ್‌ನ ಪಿಯಾನೋ ಅವ್ರು ಇಟಲಿಯ ಡೈರೆಕ್ಟರ್ ಆಂಟೋನಿಯೋನಿ ಸಿನಿಮಾಗೆ ಮಾಡಿ ಅಲ್ಲಿ ಬೇಡ ಅನ್ನಿಸ್ಕೊಂಡ ಟ್ಯೂನ್. ಬೇಡ ಅಂದಿದ್ದು ನಮ್ಮ ಪುಣ್ಯ. ಇನ್ನು ಗ್ರೇಟ್ ಗಿಗ್ ಪೂರ್ತಿ ಅವ್ರ ಪಿಯಾನೋ ಮೇಲೆ ನಿಂತಿದೆ, ಅದ್ರ ಮೇಲೆ ಒಂದೂ ಪದ ಇಲ್ದೆ ಕ್ಲೇರ್ ಟಾರಿ ಅನ್ನೋ ಗಾಯಕಿ ಹಾಡ್ತಾರೆ, ಒಂದು ಭಾನುವಾರ ಸ್ಟುಡಿಯೋಗೆ ಕರೆಸಿ 30 ಪೌಂಡ್ ಕೊಟ್ಟು ಕಳಿಸಿದ್ರು. ಆಮೇಲೆ ಅವ್ರು ಕೋರ್ಟಿಗೆ ಹೋದ್ರು, 2005ರಲ್ಲಿ ರಾಜಿ ಆಗಿ ಈಗ ಹಾಡಿಗೆ ರೈಟ್ ಜೊತೆ ಅವ್ರ ಹೆಸರೂ ಇದೆ. ಸರಿಯಾಗೇ ಆಯ್ತು, ಆ ದನಿ ತೆಗೆದ್ರೆ ಅಲ್ಲಿ ಏನಿದೆ ಹೇಳಿ. ಕೇಳೋವಾಗ ಮೊದಲರ್ಧ ಕೂಗು, ದ್ವಿತೀಯಾರ್ಧ ಸೋತು ಮಲಗೋದು, ಈ ಇಳಿತದ ಮೇಲೆ ಗಮನ ಇಡಿ.

ಮಧ್ಯೆ ಮಧ್ಯೆ ಯಾರ್ಯಾರೋ ಮಾತಾಡೋದು ಕೇಳ್ಸುತ್ತಲ್ಲ, ಅದು ವಾಟರ್ಸ್ ಕಾರ್ಡ್ ಮೇಲೆ ಪ್ರಶ್ನೆ ಬರೆದು ಸ್ಟುಡಿಯೋದಲ್ಲಿ ಸಿಕ್ಕಿದೋರಿಗೆಲ್ಲ ಕೇಳಿ ರೆಕಾರ್ಡ್ ಮಾಡಿದ ಉತ್ತರಗಳು. ಪಾಲ್ ಮಕಾರ್ಟ್ನಿನೂ ಉತ್ತರ ಕೊಟ್ಟಿದ್ರು, ಅದನ್ನ ಹಾಕಲಿಲ್ಲ, ಕೊನೇಲಿ ಕೇಳ್ಸೋದು ಅಬ್ಬೆ ರೋಡ್‌ನ ಡೋರ್‌ಮ್ಯಾನ್ ದನಿ. ಬೀಟಲ್ಸ್‌ನೋರ ಮಾತು ಬಿಟ್ಟು ಬಾಗಿಲು ಕಾಯೋನ ಮಾತು ಇಟ್ಕೊಂಡಿದಾರಲ್ಲ, ಅದಕ್ಕೇ ಈ ಆಲ್ಬಂ ಮೇಲೆ ನಂಗೆ ಅಷ್ಟು ಗೌರವ.

ಮೂರನೇದು ಮೆಡಲ್, 1971. ಇಲ್ಲಿ ಒಂದು ಹಿಂದಿನ ಹೆಜ್ಜೆ. ಸೈಡ್ ಒಂದರಲ್ಲಿ ಒನ್ ಆಫ್ ದೀಸ್ ಡೇಸ್ ಜೋರಾಗಿ ಕೇಳಿ, ಎರಡು ಬೇಸ್ ಗಿಟಾರ್ ಎಕೋ ಯಂತ್ರದ ಮೂಲಕ ಕುದುರೆ ಓಡ್ದಂಗೆ ಬರುತ್ತೆ, ಒಂದು ಎಡಕ್ಕೆ ಒಂದು ಬಲಕ್ಕೆ. ಫಿಯರ್‌ಲೆಸ್ ನನ್ನ ಫೇವರಿಟ್, ಕೊನೇಲಿ ಲಿವರ್‌ಪೂಲ್ ಫುಟ್‌ಬಾಲ್ ಅಭಿಮಾನಿಗಳು ಹಾಡೋದು ಕೇಳ್ಸುತ್ತೆ. ನಾಯಿ ಊಳಿಡೋ ಸೀಮಸ್ ಬಿಡಿ, ಏನೂ ಕಳ್ಕೊಳಲ್ಲ. ಎಲ್ಲ ಇರೋದು ಸೈಡ್ ಎರಡರಲ್ಲಿ: ಎಕೋಸ್, ಒಂದೇ ಹಾಡು, 23 ನಿಮಿಷದ ಮೇಲೆ. ಮೊದಲು ಕೇಳ್ಸೋ ಆ "ಪಿಂಗ್" ಇದೆಯಲ್ಲ, ನೀರಿನ ಆಳದಿಂದ ಬಂದಂಗಿರುತ್ತೆ, ಅದು ರೈಟ್ ಪಿಯಾನೋದ ಒಂದೇ ಒಂದು ಸ್ವರ, ತಿರುಗೋ ಲೆಸ್ಲಿ ಸ್ಪೀಕರ್ ಮೂಲಕ ಬಿಟ್ಟಿದ್ದು. ಆ ಒಂದು ಸ್ವರದಿಂದ ಹಾಡು ಬೆಳೆದಿದ್ದು. ಹಾಡೋದು ಗಿಲ್ಮೋರ್ ಮತ್ತೆ ರೈಟ್ ಇಬ್ರೂ ಸೇರಿ, ಇಬ್ರ ದನಿ ಎಷ್ಟು ಒಂದಾಗುತ್ತೆ ಅಂದ್ರೆ ಯಾರ್ದು ಯಾವ್ದು ಅಂತ ಬಿಡಿಸೋಕಾಗಲ್ಲ. ಮಧ್ಯದಲ್ಲಿ ಹಾಡು ಕುಸಿದು ಕತ್ತಲೆ ಆಗುತ್ತೆ, ಗಾಳಿ, ಕಾಗೆ, ಆಮೇಲೆ ಏನೋ ದೊಡ್ಡ ಪ್ರಾಣಿ ಕೂಗ್ದಂಗೆ, ಅದು ಗಿಲ್ಮೋರ್ ವಾ ಪೆಡಲ್‌ಗೆ (ಗಿಟಾರ್ ಸೌಂಡನ್ನ ಕಾಲಲ್ಲಿ ಒತ್ತಿ ಬದಲಾಯಿಸೋ ಸಾಧನ) ಗಿಟಾರ್ ಕೇಬಲ್ ಉಲ್ಟಾ ಹಾಕಿ ತೆಗೆದ ಸೌಂಡ್. ಇಲ್ಲಿ ಬೋರ್ ಆಗ್ತಿದೆ ಅಂತ ಮುಂದೆ ಓಡಿಸ್ಬೇಡಿ, ದಯವಿಟ್ಟು. ಆ ಕತ್ತಲೆ ಒಳಗಿಂದ ಆರ್ಗನ್ ಮೇಲಕ್ಕೆ ಬರೋದಿದೆಯಲ್ಲ, ಅದಕ್ಕೋಸ್ಕರನೇ ಆ ಐದಾರು ನಿಮಿಷ ಕತ್ತಲೇಲಿ ಕೂರ್ಸಿರೋದು.

ಎಕೋಸ್ ಹಿಡಿಸಿದ್ರೆ ಪೊಂಪೇ ಸಿನಿಮಾ ನೋಡಿ. 1971ರ ಅಕ್ಟೋಬರಲ್ಲಿ ಇಟಲಿಯ ಪೊಂಪೇಲಿ, ಜನರೇ ಇಲ್ಲದ ರೋಮನ್ ಕಾಲದ ಬಯಲು ರಂಗಮಂದಿರದಲ್ಲಿ ನಾಲ್ಕೇ ಜನ ನುಡಿಸ್ತಾರೆ. ನಿರ್ದೇಶಕ ಆಡ್ರಿಯನ್ ಮೇಬನ್. 2025ರಲ್ಲಿ ರೆಸ್ಟೋರ್ ಮಾಡಿ ಮತ್ತೆ ಥಿಯೇಟರ್‌ಗೆ ಬಿಟ್ರು, ಆ ಹೊಸ ಪ್ರಿಂಟೇ ನೋಡಿ. ನಿಕ್ ಮೇಸನ್ ಡ್ರಮ್ಸ್ ಎಷ್ಟು ಮುಖ್ಯ ಅಂತ ಅದನ್ನ ನೋಡಿದ್ಮೇಲೇ ಗೊತ್ತಾಗೋದು, ಒನ್ ಆಫ್ ದೀಸ್ ಡೇಸ್ ನುಡಿಸೋವಾಗ ಕೈಯಿಂದ ಕೋಲು ಜಾರಿ ಹೋದ್ರೂ ತಾಳ ನಿಲ್ಲಲ್ಲ.

ನಾಲ್ಕನೇದು ಅನಿಮಲ್ಸ್, 1977, ಮತ್ತೆ ಇಲ್ಲಿ ನಾನು ನೇರವಾಗಿ ಹೇಳ್ಬಿಡ್ತೀನಿ, ಇದು ಅವ್ರ ಅತ್ಯುತ್ತಮ ಆಲ್ಬಂ. ಡಾರ್ಕ್ ಸೈಡ್ ಅಲ್ಲ, ವಾಲ್ ಅಂತೂ ಅಲ್ಲವೇ ಅಲ್ಲ. ಮನುಷ್ಯರನ್ನ ನಾಯಿ, ಹಂದಿ, ಕುರಿ ಅಂತ ಮೂರು ಜಾತಿ ಮಾಡಿ ಮೂರು ಉದ್ದುದ್ದ ಹಾಡು, ಜಾರ್ಜ್ ಆರ್ವೆಲ್ ಅವ್ರ ಅನಿಮಲ್ ಫಾರ್ಮ್ ಕಾದಂಬರಿ ನೆನಪಾಗುತ್ತೆ, ಆದ್ರೆ ಆರ್ವೆಲ್ ಸಿಟ್ಟು ಸ್ಟಾಲಿನ್ ಕಡೆಗಿದ್ರೆ ಇಲ್ಲಿ ಸಿಟ್ಟು ದುಡ್ಡಿನ ಹಿಂದೆ ಓಡೋ ಸಮಾಜದ ಕಡೆಗೆ. ಡಾಗ್ಸ್ 17 ನಿಮಿಷ. ಮೊದಲ ಅರ್ಧ ಗಿಲ್ಮೋರ್ ಹಾಡ್ತಾರೆ, ಆಫೀಸಲ್ಲಿ ನಗುಮುಖ ಇಟ್ಕೊಂಡು ಹಿಂದಿಂದ ಚೂರಿ ಹಾಕೋದನ್ನ ಕಲಿತೋನ ಕಥೆ, ಮಧ್ಯದಲ್ಲಿ ಒಂದು ಪದ ಎಕೋ ಆಗಿ ಆಗಿ ಆಗಿ ಕರಗುತ್ತೆ, ದೂರದಲ್ಲಿ ನಾಯಿ ಬೊಗಳುತ್ತೆ, ಆಮೇಲೆ ವಾಟರ್ಸ್ ದನಿ ಬರುತ್ತೆ, ಅಷ್ಟೊತ್ತಿಗೆ ಆ ಮನುಷ್ಯ ಮುಳುಗ್ತಾ ಇರ್ತಾನೆ. ಕಾರ್ಪೊರೇಟ್ ಕೆಲಸ ಮಾಡೋ ಯಾರಿಗಾದ್ರೂ ಈ ಹಾಡು 2020ರ ದಶಕದಲ್ಲಿ ಬರೆದಿದ್ದು ಅಂದ್ರೆ ನಂಬ್ತಾರೆ, ಸಾಹಿತ್ಯ ಎದುರಿಗೆ ಇಟ್ಕೊಂಡು ಕೇಳಿ. ಶೀಪ್ ಶುರುವಾಗೋದು ರೈಟ್ ಅವ್ರ ಎಲೆಕ್ಟ್ರಿಕ್ ಪಿಯಾನೋದಿಂದ, ಒಬ್ರೇ, ಮೆಲ್ಲಗೆ, ಹುಲ್ಲುಗಾವಲಲ್ಲಿ ಕುರಿಗಳ ಮಧ್ಯೆ. ಇಡೀ ಆಲ್ಬಂನಲ್ಲಿ ಅಷ್ಟು ಚೆಂದದ ಜಾಗ ಇನ್ನೊಂದಿಲ್ಲ. ಆದ್ರೆ ಈ ಆಲ್ಬಂನಲ್ಲಿ ಒಂದೇ ಒಂದು ಹಾಡಿಗೂ ಅವ್ರ ಹೆಸರಿಲ್ಲ, ಹಾಗಾಗಿದ್ದು ಇದೇ ಮೊದಲು. ಇಲ್ಲಿಂದ ಅವ್ರು ಕಮ್ಮಿಯಾಗ್ತಾ ಹೋಗೋದು ನಿಮ್ಗೆ ಕಿವಿಗೇ ಕೇಳ್ಸುತ್ತೆ.

ಕವರ್ ಬಗ್ಗೆ ಒಂದು ಮಾತು. ಲಂಡನ್‌ನ ಬ್ಯಾಟರ್‌ಸೀ ಪವರ್ ಸ್ಟೇಷನ್ ಚಿಮಣಿಗಳ ಮಧ್ಯೆ ಹಾರೋ ಹಂದಿ, ಅದು ನಿಜವಾದ ಗಾಳಿ ತುಂಬಿದ ಬಲೂನು ಹಂದಿ, 1976ರ ಡಿಸೆಂಬರಲ್ಲಿ ಫೋಟೋ ತೆಗೆಯೋವಾಗ ಹಗ್ಗ ಕಿತ್ಕೊಂಡು ಹಾರಿ ಹೋಯ್ತು, ಹೀಥ್ರೋ ಏರ್‌ಪೋರ್ಟ್ ವಿಮಾನಗಳಿಗೇ ತೊಂದ್ರೆ ಆಯ್ತು, ಕೊನೆಗೆ ಕೆಂಟ್‌ನ ಒಂದು ಹೊಲದಲ್ಲಿ ಬಿತ್ತು. ಯಾವ ಮಿಕ್ಸ್ ಕೇಳೋದು ಅಂದ್ರೆ 2022ರಲ್ಲಿ ಬಿಡುಗಡೆ ಆದ 2018 ರೀಮಿಕ್ಸ್ (ಡಾನ್ಸ್ ರೀಮಿಕ್ಸ್ ಅಲ್ಲ, ಅದೇ ರೆಕಾರ್ಡಿಂಗನ್ನ ಹೊಸದಾಗಿ ಹದ ಮಾಡಿದ್ದು), ಡ್ರಮ್ಸ್ ಮತ್ತೆ ಬೇಸ್ ಬಿಡಿಬಿಡಿಯಾಗಿ ಕೇಳ್ಸುತ್ತೆ, ಹಳೇದು ಸ್ವಲ್ಪ ಮಬ್ಬು.

ಇಷ್ಟಾದ್ಮೇಲೆ ಮಾತ್ರ ದಿ ವಾಲ್, 1979. ಯಾಕೆ ಇಷ್ಟು ತಡ ಮಾಡಿಸ್ದೆ ಅಂದ್ರೆ, ನಮ್ಮಲ್ಲಿ ಎಲ್ರೂ ಇದ್ರಿಂದ ಶುರು ಮಾಡಿ ಇಲ್ಲೇ ನಿಂತುಬಿಡ್ತಾರೆ. ಕಾಲೇಜ್ ಫೆಸ್ಟ್ ಬ್ಯಾಂಡ್‌ಗಳು ನುಡಿಸೋದು ಇದೇ, ಪಬ್ಬಲ್ಲಿ ಹಾಕೋದು ಇದೇ, 2002ರಲ್ಲಿ ವಾಟರ್ಸ್ ಬೆಂಗಳೂರಿಗೆ ಬಂದು ಶೋ ಕೊಟ್ಟ ಮೇಲಂತೂ ಇನ್ನೂ ಜಾಸ್ತಿ. ಇದು ದೊಡ್ಡ ಕೆಲಸ ನಿಜ, ಆದ್ರೆ ಇದು ಒಬ್ಬ ಮನುಷ್ಯನ ತಲೆಯೊಳಗಿನ ನಾಟಕ. 1977ರ ಜುಲೈನಲ್ಲಿ ಮಾಂಟ್ರಿಯಲ್ ಸ್ಟೇಡಿಯಂನಲ್ಲಿ ಗಲಾಟೆ ಮಾಡ್ತಿದ್ದ ಒಬ್ಬ ಅಭಿಮಾನಿ ಮೇಲೆ ವಾಟರ್ಸ್ ಉಗಿದ್ರು, ತಾನು ಹಿಂಗ್ಯಾಕೆ ಆದೆ, ನನಗೂ ಜನಕ್ಕೂ ಮಧ್ಯೆ ಗೋಡೆ ಹೆಂಗೆ ಎದ್ದಿತು ಅನ್ನೋ ಯೋಚನೆಯಿಂದ ಹುಟ್ಟಿದ್ದು ಈ ಆಲ್ಬಂ. ಯುದ್ಧದಲ್ಲಿ ಸತ್ತ ಅಪ್ಪ, ಬಿಗಿ ಹಿಡಿಯೋ ಅಮ್ಮ, ಹೊಡೆಯೋ ಮೇಷ್ಟ್ರು, ಒಡೆದ ಮದುವೆ. 26 ಟ್ರ್ಯಾಕ್, ನಾಲ್ಕು ಸೈಡ್. ಒಂದೇ ರಾತ್ರಿ ಕೇಳ್ಬೇಡಿ, ದಿನಕ್ಕೆ ಒಂದು ಸೈಡ್, ಸಾಹಿತ್ಯ ಓದ್ಕೊಂಡು. ಮೂರನೇ ಸೈಡ್ ಉಳಿದ ಮೂರಕ್ಕಿಂತ ಎಷ್ಟೋ ಮೇಲೆ, ಹೇ ಯು ಇಂದ ಕಂಫರ್ಟಬ್ಲಿ ನಂಬ್ ತನಕ. ಕಂಫರ್ಟಬ್ಲಿ ನಂಬ್‌ನಲ್ಲಿ ಡಾಕ್ಟರ್ ಮಾತಾಡೋ ಭಾಗ ವಾಟರ್ಸ್, ಕೋರಸ್ ಗಿಲ್ಮೋರ್, ಇಬ್ರ ಜಗಳ ತಾರಕದಲ್ಲಿದ್ದಾಗ ಇಬ್ರೂ ಸೇರಿ ಮಾಡಿದ ಹಾಡು. ಸೋಲೋ ಎರಡಿವೆ, ಎಲ್ರೂ ಕೊನೇದನ್ನ ಹೊಗಳ್ತಾರೆ, ಮೊದಲನೇ ಚಿಕ್ಕ ಸೋಲೋನೂ ಅಷ್ಟೇ ಗಮನ ಕೊಟ್ಟು ಕೇಳಿ, ನಂಗೆ ಅದೇ ಹೆಚ್ಚು ಇಷ್ಟ.

ಈ ಆಲ್ಬಂ ಮಾಡೋವಾಗ್ಲೇ ವಾಟರ್ಸ್ ಒತ್ತಾಯದಿಂದ ರೈಟ್ ಬ್ಯಾಂಡ್ ಬಿಡ್ಬೇಕಾಯ್ತು. ಆಮೇಲೆ ವಾಲ್ ಶೋಗಳಲ್ಲಿ ಅವ್ರು ಸಂಬಳಕ್ಕೆ ನುಡಿಸಿದ್ರು. ತಾನೇ ಕಟ್ಟಿದ ಬ್ಯಾಂಡಲ್ಲಿ ಸಂಬಳಕ್ಕೆ! ಆ ಶೋಗಳು ನಷ್ಟದಲ್ಲಿ ಹೋಗಿ ಮಿಕ್ಕ ಮೂವರ ಕೈ ಸುಟ್ಟಿತು, ದುಡ್ಡು ಉಳಿದಿದ್ದು ರೈಟ್‌ಗೆ ಮಾತ್ರ. ಅಲನ್ ಪಾರ್ಕರ್ 1982ರಲ್ಲಿ ಮಾಡಿದ ಸಿನಿಮಾ ಆಲ್ಬಂ ಪೂರ್ತಿ ಕಿವೀಲಿ ಕೂತ ಮೇಲೆ ನೋಡಿ, ಮೊದಲೇ ನೋಡಿದ್ರೆ ಹಾಡು ಕೇಳೋವಾಗೆಲ್ಲ ಆ ದೃಶ್ಯಗಳೇ ಬರ್ತವೆ.

ಈಗ ಹಿಂದಕ್ಕೆ. 1967ರ ದಿ ಪೈಪರ್ ಅಟ್ ದಿ ಗೇಟ್ಸ್ ಆಫ್ ಡಾನ್, ಸಿಡ್ ಬ್ಯಾರೆಟ್ ಆಲ್ಬಂ, ಬೀಟಲ್ಸ್ ಪಕ್ಕದಲ್ಲೇ ಸಾರ್ಜೆಂಟ್ ಪೆಪ್ಪರ್ ಮಾಡ್ತಿದ್ದಾಗ ಅದೇ ಕಟ್ಟಡದಲ್ಲಿ ರೆಕಾರ್ಡ್ ಆಗಿದ್ದು. ಇದು ಬೇರೇನೇ ಬ್ಯಾಂಡ್ ಅಂತ ಅಂದ್ಕೊಂಡೇ ಕೇಳಿ, ಮಕ್ಕಳ ಕಥೆ, ಸೈಕಲ್ಲು, ಬೆಕ್ಕು, ಅಂತರಿಕ್ಷ ಎಲ್ಲ ಒಂದೇ ಬುಟ್ಟೀಲಿ. ಮೋನೋ ಮಿಕ್ಸ್ ಸಿಕ್ಕಿದ್ರೆ ಅದೇ ಕೇಳಿ. ಶೈನ್ ಆನ್ ಕೇಳಿ ಆದ್ಮೇಲೆ ಇದನ್ನ ಕೇಳಿದ್ರೇನೇ ಯಾರಿಗೋಸ್ಕರ ಅವ್ರು ಅತ್ತಿದ್ದು ಅಂತ ಗೊತ್ತಾಗೋದು, ಅದಕ್ಕೇ ಮೊದಲನೇ ಆಲ್ಬಂನ ಇಷ್ಟು ಕೊನೆಗೆ ಇಟ್ಟೆ. 1968ರ ಎ ಸಾಸರ್‌ಫುಲ್ ಆಫ್ ಸೀಕ್ರೆಟ್ಸ್‌ನಲ್ಲಿ ಸೆಟ್ ದಿ ಕಂಟ್ರೋಲ್ಸ್ ಫಾರ್ ದಿ ಹಾರ್ಟ್ ಆಫ್ ದಿ ಸನ್ ಕೇಳಿ, ಸಿಡ್, ಗಿಲ್ಮೋರ್ ಇಬ್ರೂ ಇರೋ, ಐದೂ ಜನ ಸೇರಿ ನುಡಿಸಿರೋ ಒಂದೇ ಹಾಡು. ಉಮ್ಮಗುಮ್ಮಾದಲ್ಲಿ ಲೈವ್ ಡಿಸ್ಕ್ ಕೇಳಿ, ಸ್ಟುಡಿಯೋ ಡಿಸ್ಕ್ ಬೇಡ. ಕವರ್ ಮೇಲೆ ಹಸು ಇರೋ ಆ್ಯಟಮ್ ಹಾರ್ಟ್ ಮದರ್, ಸೈಡ್ ಒಂದರ ಆರ್ಕೆಸ್ಟ್ರಾ ನಂಗೆ ಇಷ್ಟ ಇಲ್ಲ, ಭಾರ ಜಾಸ್ತಿ ಜೀವ ಕಮ್ಮಿ, ಆದ್ರೆ ಸೈಡ್ ಎರಡರಲ್ಲಿ ರೈಟ್ ಬರೆದು ಹಾಡಿರೋ ಸಮ್ಮರ್ 68 ಇದೆ, ಇಡೀ ಬ್ಯಾಂಡ್‌ನ ಅತಿ ಕಮ್ಮಿ ಜನ ಕೇಳಿರೋ ಒಳ್ಳೇ ಹಾಡು ಅದೇ ಅಂತ ನಾನು ಯಾರ ಹತ್ರ ಬೇಕಾದ್ರೂ ವಾದ ಮಾಡ್ತೀನಿ. ಅಬ್ಸ್ಕ್ಯೂರ್ಡ್ ಬೈ ಕ್ಲೌಡ್ಸ್, 1972, ಒಂದು ಫ್ರೆಂಚ್ ಸಿನಿಮಾಗೆ ಡಾರ್ಕ್ ಸೈಡ್ ಕೆಲಸದ ಮಧ್ಯೆ ಫ್ರಾನ್ಸಿಗೆ ಹೋಗಿ ಬೇಗ ಬೇಗ ಮಾಡಿದ್ದು, ಚಿಕ್ಕ ಚಿಕ್ಕ ಹಾಡುಗಳು, ಭಾನುವಾರ ಬೆಳಗ್ಗೆಗೆ ಇದಕ್ಕಿಂತ ಬೇರೆ ಬೇಡ.

ದಿ ಫೈನಲ್ ಕಟ್, 1983, ರೈಟ್ ಇಲ್ಲವೇ ಇಲ್ಲ. ಎರಡನೇ ಮಹಾಯುದ್ಧದಲ್ಲಿ, 1944ರಲ್ಲಿ ಇಟಲಿಯ ಆನ್ಜಿಯೋದಲ್ಲಿ ತೀರ್ಕೊಂಡ ಅಪ್ಪನ ನೋವು ವಾಟರ್ಸ್‌ದು, ಅದಕ್ಕೆ ಬ್ರಿಟನ್-ಅರ್ಜೆಂಟೀನಾ ನಡುವಿನ ಫಾಕ್‌ಲ್ಯಾಂಡ್ಸ್ ಯುದ್ಧದ ಸಿಟ್ಟೂ ಸೇರಿದೆ, ಆ ನೋವಿಗೆ ತಲೆಬಾಗ್ತೀನಿ, ಆದ್ರೆ ಮತ್ತೆ ಮತ್ತೆ ಕೇಳೋ ಆಲ್ಬಂ ಅಲ್ಲ. ವಾಟರ್ಸ್ ಹೋದ್ಮೇಲೆ ಬಂದ ಎ ಮೊಮೆಂಟರಿ ಲ್ಯಾಪ್ಸ್ ಆಫ್ ರೀಸನ್ 1987ರ ಮೂಲ ರೂಪದಲ್ಲಿ ಪ್ಲಾಸ್ಟಿಕ್ ಪ್ಲಾಸ್ಟಿಕ್ ಅನ್ಸುತ್ತೆ, ಅದನ್ನ ಬಿಟ್ಟು 2019ರ ಹೊಸ ಮಿಕ್ಸ್ ಹುಡುಕಿ, ಅದ್ರಲ್ಲಿ ರೈಟ್ ಕೀಬೋರ್ಡ್ ಭಾಗಗಳನ್ನ ವಾಪಸ್ ಸೇರ್ಸಿ, ಮೇಸನ್ ಹೊಸದಾಗಿ ಡ್ರಮ್ಸ್ ನುಡಿಸಿದಾರೆ, ಎರಡನ್ನೂ ಪಕ್ಕ ಪಕ್ಕ ಇಟ್ಟು ಕೇಳಿದ್ರೆ ರೈಟ್ ಬಗ್ಗೆ ನಾನು ಇಷ್ಟೊತ್ತು ಯಾಕೆ ಹೇಳ್ತಿದ್ದೆ ಅಂತ ಗೊತ್ತಾಗುತ್ತೆ. 1994ರ ದಿ ಡಿವಿಷನ್ ಬೆಲ್‌ನಲ್ಲಿ ಅವ್ರು ಪೂರ್ತಿ ವಾಪಸ್ ಬಂದು ವೇರಿಂಗ್ ದಿ ಇನ್‌ಸೈಡ್ ಔಟ್ ಹಾಡಿದಾರೆ, ಎಷ್ಟೋ ವರ್ಷ ಬಾಯಿ ಕಟ್ಟಿದೋನು ಮೆಲ್ಲಗೆ ಮಾತಾಡೋಕೆ ಶುರು ಮಾಡೋ ಹಾಡು. ಇದಾದ್ಮೇಲೆ ಹೈ ಹೋಪ್ಸ್ ತಪ್ಪದೇ ಕೇಳಿ.

ಇಷ್ಟು ಮುಗಿಸಿದೋರಿಗೆ ಒಬ್ಬೊಬ್ರ ಸೋಲೋ ಆಲ್ಬಂ ಇದಾವೆ. ವಾಟರ್ಸ್ ಅವ್ರದ್ದು ಅಮ್ಯೂಸ್ಡ್ ಟು ಡೆತ್, 1992, ಸಿಡ್ ಅವ್ರದ್ದು ದಿ ಮ್ಯಾಡ್‌ಕ್ಯಾಪ್ ಲಾಫ್ಸ್, 1970, ಗಿಲ್ಮೋರ್ ಅವ್ರದ್ದು ಲೈವ್ ಇನ್ ಗ್ಡಾನ್ಸ್ಕ್, ಅದ್ರಲ್ಲಿ 2006ರ ಆಗಸ್ಟಲ್ಲಿ ರೈಟ್ ಜೊತೆ ನುಡಿಸಿರೋ ಎಕೋಸ್ ಇದೆ. ರೈಟ್ ಅವ್ರದ್ದು ವೆಟ್ ಡ್ರೀಮ್, 1978, ಹಳೇ ಕಾಪಿ ಬೇಡ, 2023ರಲ್ಲಿ ಸ್ಟೀವನ್ ವಿಲ್ಸನ್ ಮಾಡಿದ ರೀಮಿಕ್ಸ್ ಬಂದಿದೆ, ಅದನ್ನೇ ಹಾಕಿ, ಮತ್ತೆ ಇದಕ್ಕೂ ಕ್ರಾಸ್‌ಫೇಡ್ ಆಫ್ ಇರ್ಲಿ.